ರಾಮನದುರ್ಗದ ಏರಿಗೆ ಸಾಕ್ಷಿ

ಸಂಡೂರು
೧೪ ಫೆಬ್ರವರಿ ೧೯೩೭

ಗುರು ಕೊಟ್ರಯ್ಯನಿಗೆ ಶಿಷ್ಯ ಗವಿಸಿದ್ದಪ್ಪನ ಶರಣು.

ಬಂದು ಮುಟ್ಟಿದೆ. ಗಣಿ ಕಂಪನಿಯ ದವಾಖಾನೆ ಅಂದರೆ ಒಂದು ತಗಡಿನ ಕೋಣೆ, ಎರಡು ಬೆಂಚು, ಒಂದು ಕಪಾಟು. ಡಾಕ್ಟರು ವಾರಕ್ಕೊಮ್ಮೆ ಮುಖ ತೋರಿಸುತ್ತಾರೆ. ಮಿಕ್ಕ ದಿನ ಕಂಪೌಂಡರನಾದ ನಾನೇ ಡಾಕ್ಟರು, ನಾನೇ ಕಸ ಹೊಡೆಯುವವನು.

ವಾರಕ್ಕೆ ಎರಡು ದಿನ ರಾಮನದುರ್ಗದ ಗುಡ್ಡದ ಮೇಲಿನ ಹಟ್ಟಿಗೆ ಹೋಗಿ ಕೂಲಿಯವರ ಗಾಯಕ್ಕೆ ಪಟ್ಟಿ ಕಟ್ಟಬೇಕು. ಹೋಗಿಬರಲು ಒಂದು ಕತ್ತೆ ಕೊಡುತ್ತೇವೆ ಅಂದರು. "ಬ್ಯಾಡ್ರಿ, ನನ್ನ ಹತ್ರ ಸೈಕಲ್ ಐತಿ" ಅಂದೆ. ಮೇಸ್ತ್ರಿ ನಕ್ಕುಬಿಟ್ಟ. "ಆ ಗುಡ್ಡಕ್ಕ ಸೈಕಲ್ ಮ್ಯಾಲ ಹತ್ತಿದವನ್ನ ನಾ ನೋಡಿಲ್ಲ" ಅಂದ. ನನಗೆ ಎಲ್ಲಿಲ್ಲದ ಹೆಮ್ಮೆ ಬಂತು. "ಹೊಸಪೇಟಿ ಚಿತ್ತವಾಡ್ಗಿ ಕೊಟ್ರಯ್ಯ ಹತ್ತ್ಯಾನ. ಮೂರು ವರ್ಷದ ಹಿಂದ, ನಾಗರ ಪಂಚಮಿ ಪಂಥದಾಗ. ನೆಲಕ್ಕ ಕಾಲು ಊರಿಲ್ಲ. ಗುಡ್ಡದ ಬುಡದಾಗ ನಿಂತ ಸಾಕ್ಷಿ ನಾನ" ಅಂದೆ. ಆಮೇಲೆ ಅವನು ಕತ್ತೆಯ ಸುದ್ದಿ ಎತ್ತಲಿಲ್ಲ.

ಈಗ ನಿನ್ನ ಹಾದಿಯಲ್ಲೇ ನಾನೂ ಹತ್ತಬೇಕು. ನೀನು ಕೊಟ್ಟ ಹಳೆಯ ಸೈಕಲ್ ಚೆನ್ನಾಗಿದೆ. ಎಲ್ಲಿ ಎದ್ದು ತುಳಿಯಬೇಕು, ಎಲ್ಲಿ ಕೂತು ತುಳಿಯಬೇಕು, ಎಲ್ಲ ಬಿಡಿಸಿ ಬರೆ. ಹಂಪಮ್ಮಕ್ಕನಿಗೆ ಶರಣು ತಿಳಿಸು.

ನಿನ್ನ,
ಗವಿಸಿದ್ದಪ್ಪ


ಚಿತ್ತವಾಡ್ಗಿ, ಹೊಸಪೇಟೆ
೨೫ ಫೆಬ್ರವರಿ ೧೯೩೭

ಗವಿಸಿದ್ದಪ್ಪನಿಗೆ,

ಕಾಗದ ಬಂತು. ಅಂಗಡಿಯಲ್ಲಿ ಬಾಡಿಗೆ ಸೈಕಲ್ಲುಗಳ ಪಂಕ್ಚರ್ ಹಾಕುವುದರಲ್ಲೇ ದಿನ ಮುಗಿಯುತ್ತದೆ, ಉತ್ತರ ತಡವಾಯಿತು.

ನಿನಗೆ ಒಂದು ಬುದ್ಧಿಮಾತು. ಕತ್ತೆ ಕೊಟ್ಟರೆ ಕತ್ತೆಯನ್ನೇ ತೆಗೆದುಕೋ. ಪುಡಿ ತೂಗುವ ಕೈ ನಿನ್ನದು, ಹ್ಯಾಂಡಲ್ ಹಿಡಿಯುವ ಕೈ ಬೇರೆ. ನಾನು ಹತ್ತಿದೆ ಅಂದರೆ ಅದಕ್ಕೆ ಹತ್ತು ವರ್ಷ ತುಳಿದ ತೊಡೆ ಇತ್ತು. ನೀನು ಹಂಪಿ ಬಜಾರಿನ ತನಕ ಹೋಗಿಬಂದರೆ ಮೂರು ದಿನ ಎಣ್ಣೆ ಹಚ್ಚಿಕೊಳ್ಳುತ್ತಿದ್ದವನು.

ಆದರೂ ಕೇಳಿದ್ದೀಯ, ಹೇಳುತ್ತೇನೆ. ಬುಡದಿಂದ ಮೂರನೆಯ ತಿರುವಿನ ತನಕ ಕಷ್ಟ. ಅಲ್ಲಿ ಎಡಕ್ಕೆ ಒಂದು ಆಡಿನ ದೊಡ್ಡಿ ಇದೆ. ಅದನ್ನು ದಾಟಿದರೆ ಮುಂದೆ ಹಗುರ. ಕಡೆಯ ಏರಂತೂ ಬಾಳೆಹಣ್ಣು ತಿಂದಷ್ಟು ಸುಲಭ. ಮೇಲೆ ಒಂದು ದೊಡ್ಡ ಬೇವಿನ ಮರವಿದೆ, ಅದರ ಕೆಳಗೆ ಕೂತು ನಾನು ಬೆವರು ಆರಿಸಿಕೊಂಡೆ. ಇಷ್ಟು ಸಾಕು.

ಕೊಟ್ರಯ್ಯ


ಸಂಡೂರು
೧೯ ಏಪ್ರಿಲ್ ೧೯೩೭

ಗುರುವೇ,

ಎರಡು ತಿಂಗಳು ಬರೆಯಲಿಲ್ಲ, ಬರೆಯುವ ಮುಖವೂ ಇರಲಿಲ್ಲ. ಮೊದಲ ದಿನ ಎರಡನೆಯ ತಿರುವಿಗೇ ಇಳಿದು ಸೈಕಲ್ ದೂಡಿಕೊಂಡು ಹೋದೆ. ಮೇಸ್ತ್ರಿ ಮೇಲಿನಿಂದ ನೋಡಿ, "ಏನ್ ಕಂಪೌಂಡರ್, ಸೈಕಲ್‌ನ ದವಾಖಾನಿಗೆ ಕರ್ಕೊಂಡು ಹೊಂಟೀರೇನ್ರಿ?" ಅಂದ.

ಆದರೆ ಬಿಡಲಿಲ್ಲ. ವಾರಕ್ಕೆ ಎರಡು ಸಲ ಅದೇ ಗುಡ್ಡ. ಈ ಹಾದಿಯ ಗುಣ ಈಗ ಸ್ವಲ್ಪ ತಿಳಿದಿದೆ. ಎತ್ತಿನ ಗಾಡಿಗಳು ಅದಿರು ಚೆಲ್ಲಿ ಚೆಲ್ಲಿ ಹಾದಿಯ ತುಂಬ ಹುಣಸೆಬೀಜದಂಥ ಕರಿ ಹರಳು. ಎದ್ದು ನಿಂತು ತುಳಿದರೆ ಹಿಂದಿನ ಗಾಲಿ ತಿರುಗುತ್ತದೆ, ಮುಂದೆ ಹೋಗುವುದಿಲ್ಲ. ಕೂತೇ ತುಳಿಯಬೇಕು, ಹೊಟ್ಟೆ ಹ್ಯಾಂಡಲ್ಲಿಗೆ ತಾಗುವಷ್ಟು ಬಗ್ಗಬೇಕು. ಗಾಡಿಯ ಜಾಡಿನಲ್ಲಿ ಹೋದರೆ ಹರಳು ಕಡಿಮೆ. ನೀನು ಇದನ್ನೆಲ್ಲ ಯಾಕೆ ಹೇಳಲಿಲ್ಲವೋ, ನಾನೇ ಕಲಿಯಲಿ ಅಂತಲೇ ಇರಬೇಕು.

ಇಳಿಯುವಾಗ ಬ್ರೇಕಿನ ರಬ್ಬರು ವಾರಕ್ಕೊಂದು ಸವೆಯಿತು. ಈಗ ಒಂದು ಉಪಾಯ ಮಾಡಿದ್ದೇನೆ. ಬಂದರಿಕೆ ಗಿಡದ ಕೊಂಬೆಗಳ ಒಂದು ಕಂತೆ ಕಟ್ಟಿ ಹಗ್ಗದಿಂದ ಸೀಟಿನ ಕೆಳಗೆ ಬಿಗಿದು ಹಿಂದೆ ಎಳೆದುಕೊಂಡು ಇಳಿಯುತ್ತೇನೆ. ಸೈಕಲ್ ಓಡುವುದಿಲ್ಲ, ಹಿಡಿದ ಹಾಗೆ ಇಳಿಯುತ್ತದೆ. ಹಿಂದೆ ಧೂಳೆದ್ದು ಹಟ್ಟಿಯ ಹೆಂಗಸರು, "ಕಂಪೌಂಡರ್ ಗುಡ್ಡ ಗುಡಿಸ್ತಾನ" ಅಂತ ನಗುತ್ತಾರೆ.

ಒಂದು ಮಾತು ಕೇಳಬೇಕು. ಕಡೆಯ ಏರು ಸುಲಭ ಅಂತ ನೀನು ಅಂದಿದ್ದೆ. ನನಗೆ ಅದೇ ಎಲ್ಲಕ್ಕಿಂತ ಕಠಿಣ. ಸೈಕಲ್ ಮೂತಿ ಎತ್ತಿ ಹಿಂದಕ್ಕೆ ಬೀಳುತ್ತದೆ. ಮೇಲೆ ಬೇವಿನ ಮರವೂ ಕಾಣಲಿಲ್ಲ. ಕಾವಲುಗಾರ ಹುಲುಗಪ್ಪನನ್ನು ಕೇಳಿದೆ. ಇಪ್ಪತ್ತು ವರ್ಷದಿಂದ ಅಲ್ಲಿರುವವನು. "ಇಲ್ಲಿ ಬೇವು ಎಂದೂ ಇರಲಿಲ್ಲಪ್ಪ" ಅಂದ. ಅವನಿಗೆ ಮರೆವು ಇರಬೇಕು, ಅಥವಾ ನಿನಗೆ.

ನಿನ್ನ,
ಗವಿಸಿದ್ದಪ್ಪ


ಚಿತ್ತವಾಡ್ಗಿ
೪ ಮೇ ೧೯೩೭

ಗವಿಸಿದ್ದಪ್ಪನಿಗೆ,

ಇನ್ನು ಮೇಲೆ ಕಾಗದವನ್ನು ಮನೆಗೆ ಹಾಕಬೇಡ, ಅಂಗಡಿಗೆ ಹಾಕು. ಹಂಪಮ್ಮ ಒಡೆದು ಓದಿದಳು. ಓದಿದ್ದು ಸಾಲದು ಅಂತ ಪಕ್ಕದ ಬಸಕ್ಕನನ್ನೂ ತಾಯಕ್ಕನನ್ನೂ ಕಟ್ಟೆಗೆ ಕರೆದು ಗಟ್ಟಿಯಾಗಿ ಓದಿದಳು. ಬಂದರಿಕೆ ಕಂತೆಯ ವಿಷಯ ಬಂದಾಗ, "ಏನ್ ತಲಿ ಐತಿ ನೋಡ್ರಿ ನಮ್ಮ ಗವಿಯಪ್ಪಂದು" ಅಂದಳು. ಮದುವೆಯಾಗಿ ಒಂಬತ್ತು ವರ್ಷ. ನನ್ನ ತಲೆಯ ಬಗ್ಗೆ ಅವಳ ಬಾಯಲ್ಲಿ ಒಂದು ಮಾತು ಬಂದಿಲ್ಲ.

ಆ ಕಂತೆಯ ಉಪಾಯ ಹೊಸದೇನಲ್ಲ. ನಾನೂ ಯೋಚಿಸಿದ್ದೆ. ಬೇಕಾಗಲಿಲ್ಲ, ಅಷ್ಟೇ. ಕೈ ಗಟ್ಟಿ ಇದ್ದವನಿಗೆ ಕಂತೆ ಯಾಕೆ?

ಬೇವಿನ ಮರ ಕಡಿದಿದ್ದಾರೆ. ಗಣಿಯ ಜನ ಒಲೆಗೆ ಏನು ಸಿಕ್ಕರೂ ಬಿಡುವುದಿಲ್ಲ. ಹುಲುಗಪ್ಪನೋ ಗಿಲುಗಪ್ಪನೋ, ಕುಡಿದು ಮಲಗುವವರ ಮಾತು ಕೇಳಿ ನನ್ನನ್ನು ಕೇಳಬೇಡ. ಕಡೆಯ ಏರು ಕಠಿಣ ಅನ್ನುತ್ತೀಯ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇಳಿದು, ದೂಡಿ, ಮತ್ತೆ ಹತ್ತಿ ಮೇಲೆ ಹೋಗುವುದು ಬೇರೆ, ಕಾಲು ಊರದೆ ಹತ್ತುವುದು ಬೇರೆ. ಆ ಎರಡನೆಯದನ್ನು ಮಾಡಿದ ದಿನ ಬರೆ.

ಕೊಟ್ರಯ್ಯ


ಸಂಡೂರು
೧೧ ಜುಲೈ ೧೯೩೭

ಗುರುವೇ,

ಸಿಟ್ಟಾಗಬೇಡ. ನೀನು ಬೈದದ್ದು ನನಗೆ ಒಳ್ಳೆಯದೇ ಆಯಿತು. ಈಗ ಹನ್ನೊಂದು ತಿರುವಿನಲ್ಲಿ ಹತ್ತನ್ನು ಕಾಲು ಊರದೆ ಹತ್ತುತ್ತೇನೆ. ಉಳಿದದ್ದು ಆ ಕಡೆಯ ಏರು ಒಂದೇ.

ನಮ್ಮೂರ ಪಂಥ ನಡೆಸುವ ದೊಡ್ಡಬಸಪ್ಪನವರು ತಮ್ಮ ಅಕ್ಕಿ ಮಿಲ್ಲಿನ ಕೆಲಸಕ್ಕೆ ಸಂಡೂರಿಗೆ ಬಂದಿದ್ದರು. ನಾನು ಹತ್ತುವುದನ್ನು ನೋಡಿ ಅವರಿಗೆ ಹುಮ್ಮಸ್ಸು ಬಂತು. ಈ ಸಲದ ಪಂಚಮಿ ಪಂಥವನ್ನು ರಾಮನದುರ್ಗದಲ್ಲೇ ಇಡುತ್ತಾರಂತೆ. ಚಿತ್ತವಾಡ್ಗಿಯ ಹದಿನೈದು ಜನರನ್ನು ಬಸ್ಸಿನಲ್ಲಿ ಕರೆತರುತ್ತಾರೆ. ಹೋದ ಸಲದ ಹಾಗೆ ಬುಡದಲ್ಲಿ ಒಬ್ಬನೇ ಸಾಕ್ಷಿ ಅಲ್ಲ, ಈ ಸಲ ತಿರುವಿಗೊಬ್ಬರು ನಿಲ್ಲುತ್ತಾರೆ. "ಕೊಟ್ರಯ್ಯನೂ ಬರ್ಲಿ, ಗುರು ಶಿಷ್ಯ ಜೋಡಿ ಹತ್ತಲಿ, ಕಣ್ಣಿಗೆ ಹಬ್ಬ" ಅಂದರು. ನೀನು ಬರಲೇಬೇಕು. ನಿನ್ನ ಹಿಂದೆ ಹತ್ತುವುದು ನನ್ನ ಬಹಳ ದಿನದ ಆಸೆ.

ಸಾಯಂಕಾಲದ ಬಸ್ಸಿಗೆ ನನ್ನ ಹಿಂದಿನ ಗಾಲಿ ಕಳಿಸುತ್ತಿದ್ದೇನೆ. ಚೈನ್ ಕೂರುವ ಫ್ರೀವೀಲಿಗೆ ಹದಿನೆಂಟು ಹಲ್ಲಿದೆ. ಕಡೆಯ ಏರಿಗೆ ಅದು ಭಾರ. ಬಳ್ಳಾರಿಯಿಂದ ಇಪ್ಪತ್ತೆರಡು ಹಲ್ಲಿನದು ತರಿಸಿ ಹಾಕಿಕೊಡು. ಹಲ್ಲು ಹೆಚ್ಚಾದಷ್ಟೂ ಏರು ಹಗುರ ಅಂತ ಕಲಿಸಿದವನೇ ನೀನು.

ನಿನ್ನ,
ಗವಿಸಿದ್ದಪ್ಪ


ಚಿತ್ತವಾಡ್ಗಿ
೨೯ ಜುಲೈ ೧೯೩೭

ಗವಿಸಿದ್ದಪ್ಪನಿಗೆ,

ಗಾಲಿ ಕಳಿಸಿದ್ದೇನೆ. ಇಪ್ಪತ್ತೆರಡು ಹಲ್ಲಿನದು ಹಾಕಿದ್ದೇನೆ. ಮಳೆಗಾಲ ಅಂತ ಗ್ರೀಸ್ ದಪ್ಪಗೆ ಮೆತ್ತಿದ್ದೇನೆ. ಒರೆಸಬೇಡ, ಹರಳಿನ ಪುಡಿ ಒಳಗೆ ಹೋಗುತ್ತದೆ.

ನನಗೆ ಬರಲು ಆಗುವುದಿಲ್ಲ. ತೊಡೆಗೆ ಕುರು ಎದ್ದಿದೆ. ಹಬ್ಬದಲ್ಲಿ ಬಾಡಿಗೆ ಸೈಕಲ್ಲಿಗೂ ಗಿರಾಕಿ ಜಾಸ್ತಿ. ದೊಡ್ಡಬಸಪ್ಪನವರಿಗೆ ನಾನೇ ಹೇಳಿದ್ದೇನೆ. ನೀನು ಹತ್ತು.

ಕೊಟ್ರಯ್ಯ


ಚಿತ್ತವಾಡ್ಗಿ
೩೦ ಜುಲೈ ೧೯೩೭

ಗವಿ,

ಈ ಕಾಗದವನ್ನು ನಿನಗೆ ಕಳಿಸುವುದಿಲ್ಲ. ಅಂಗಡಿಯ ಡಬ್ಬಿಯಲ್ಲಿ ಪಂಕ್ಚರ್ ಹಾಕುವ ಸೊಲ್ಯೂಶನ್ ಟ್ಯೂಬುಗಳ ಕೆಳಗೆ ಇರುತ್ತದೆ. ಯಾರಿಗಾದರೂ ಹೇಳದಿದ್ದರೆ ನನ್ನ ಹೊಟ್ಟೆಯೊಳಗಿನ ಬೆಂಕಿ ಆರುವುದಿಲ್ಲ, ಹೇಳಲು ನಿನ್ನ ಹೊರತು ನನಗೆ ಯಾರಿದ್ದಾರೆ?

ನಿನ್ನ ಗಾಲಿಗೆ ಹಾಕಿದ್ದು ಇಪ್ಪತ್ತೆರಡು ಅಲ್ಲ, ಹದಿನಾರು. ಇಪ್ಪತ್ತೆರಡರದ್ದು ಬಳ್ಳಾರಿಯಿಂದ ಬಂತು. ಕೈಯಲ್ಲಿ ಹಿಡಿದೆ, ಒಳ್ಳೆಯ ಮಾಲು. ಅದನ್ನು ಗೂಟಕ್ಕೆ ನೇತುಹಾಕಿ, ಮೂಲೆಯಲ್ಲಿ ಬಿದ್ದಿದ್ದ ಹದಿನಾರರದ್ದನ್ನು ಬಿಗಿದೆ. ನಿನ್ನ ಹದಿನೆಂಟನ್ನು ಹಾಗೇ ಬಿಟ್ಟು ಕಳಿಸಬಹುದಿತ್ತು. ಅಷ್ಟಕ್ಕೆ ನನ್ನ ಮನಸ್ಸು ತುಂಬಲಿಲ್ಲ. ಗ್ರೀಸ್ ಮೆತ್ತಿದ್ದು ಮಳೆಗೆ ಅಲ್ಲ, ನಿನ್ನ ಕಣ್ಣಿಗೆ.

ಇನ್ನೊಂದು. ನಾನು ಆ ಗುಡ್ಡ ಹತ್ತಿಲ್ಲ. ಮೂರನೆಯ ತಿರುವಿನಲ್ಲಿ ಉಸಿರು ನಿಂತಿತು. ಇಳಿದು ಆಡಿನ ದೊಡ್ಡಿಯಲ್ಲಿ ಕೂತೆ. ನಾಚಿಕೆಗೆ ಮೇಲೆ ಹೋಗಲೂ ಆಗಲಿಲ್ಲ, ಕೆಳಗೆ ಬರಲೂ ಆಗಲಿಲ್ಲ. ಕೂತಲ್ಲೇ ನಿದ್ದೆ ಹತ್ತಿತು. ಎಚ್ಚರವಾದಾಗ ಹೊತ್ತು ವಾಲಿತ್ತು. ಸೋತೆ ಅಂತ ಹೇಳಲೆಂದೇ ಕೆಳಗೆ ಬಂದೆ, ಬಸವಣ್ಣನ ಆಣೆ. ಆದರೆ ನಾನು ಕಂಡ ಕೂಡಲೆ ನೀನು ಹಾದಿಯ ಕೆಳಗೆ ದೂರದಲ್ಲಿ ಕಾಯುತ್ತಿದ್ದ ಊರವರ ಕಡೆ ಟವಲು ಬೀಸಿ, "ಹತ್ತಿ ಬಂದ್ನೋ ನಮ್ಮ ಕೊಟ್ರಯ್ಯ" ಅಂತ ಕೂಗಿದೆ. ಎತ್ತು ಈಯಿತು ಅಂದರೆ ಕೊಟ್ಟಿಗೆಯಲ್ಲಿ ಕಟ್ಟು ಅನ್ನುವ ಜನ ನಮ್ಮದು. ಬಾಯಿ ತೆರೆಯುವ ಮೊದಲೇ ಕೊಬ್ಬರಿ ಬಟ್ಟಲಿನ ಹಾರ ಕೊರಳಿಗೆ ಬಿತ್ತು, ದೊಡ್ಡಬಸಪ್ಪನವರು ರುಮಾಲು ಸುತ್ತಿದರು. ಆಮೇಲೆ ಬೇವಿನ ಮರ ತಾನಾಗಿ ಬೆಳೆಯಿತು.

ಆ ಒಂದು ಏರಿನಿಂದ ಊರಲ್ಲಿ ನಾನು ಕೊಟ್ರಯ್ಯನಾದೆ. ಗಿರಾಕಿಗಳು ಬೇರೆ ಅಂಗಡಿ ದಾಟಿ ನನ್ನಲ್ಲಿಗೆ ಬರುತ್ತಾರೆ. ನೀನು ಮೇಲೆ ಮುಟ್ಟಿದರೆ, ಬಂದವರೆಲ್ಲ ಬೇವು ಹುಡುಕುತ್ತಾರೆ. ಆದರೆ ನಿಜ ಹೇಳುತ್ತೇನೆ, ಹದಿನಾರು ಹಾಕಿದ್ದು ಆ ಭಯಕ್ಕಲ್ಲ. ನೀನು ಹತ್ತುತ್ತೀಯ ಅನ್ನುವುದನ್ನೇ ನನ್ನಿಂದ ತಾಳಲಾಗುವುದಿಲ್ಲ. ಕೆರೆ ಏರಿಯ ಮೇಲೆ ಸೀಟು ಹಿಡಿದು ಓಡಿ ನಿನಗೆ ಸೈಕಲ್ ಕಲಿಸಿದವನು ನಾನು. ಕೈ ಬಿಟ್ಟ ದಿನ ನೀನು ತಿರುಗಿ ನೋಡದೆ ಹೋದೆ. ಅವತ್ತೂ ನನಗೆ ಸಂತೋಷವಾಗಿರಲಿಲ್ಲ.

ಕೊಟ್ರಯ್ಯ


ಸಂಡೂರು
೧೩ ಆಗಸ್ಟ್ ೧೯೩೭

ಕೊಟ್ರಯ್ಯನಿಗೆ,

ಪಂಚಮಿಯ ದಿನ ಹತ್ತಿದೆ. ಕಾಲು ಊರಲಿಲ್ಲ. ಹನ್ನೊಂದು ತಿರುವಿಗೆ ಹನ್ನೊಂದು ಸಾಕ್ಷಿ ಇದ್ದಾರೆ.

ಗಾಲಿ ಬಂದ ದಿನವೇ ಗ್ರೀಸ್ ಒರೆಸಿದೆ. ನನ್ನ ಉದ್ಯೋಗ ನಿನಗೆ ಮರೆತುಹೋಯಿತೇ? ದಿನಕ್ಕೆ ಮುನ್ನೂರು ಗುಳಿಗೆ ಎಣಿಸುವವನು ನಾನು, ಏನು ಕೈಗೆ ಬಂದರೂ ಎಣಿಸುತ್ತೇನೆ. ಹದಿನಾರು. ತಪ್ಪಿರಬೇಕು ಅಂತ ಇನ್ನೊಮ್ಮೆ ಎಣಿಸಿದೆ. ಅಂಗಡಿಯಲ್ಲಿ ಅದಲು ಬದಲಾಗಿರಬೇಕು ಅಂತ ಒಂದು ಹಗಲೆಲ್ಲ ನನಗೆ ನಾನೇ ಹೇಳಿಕೊಂಡೆ. ಮೂವತ್ತು ಅಡಿಯಿಂದ ಚೈನ್ ಸದ್ದು ಕೇಳಿ ಹಲ್ಲು ಎಷ್ಟು ಅಂತ ಹೇಳುವವನು ನೀನು. ನಿನ್ನ ಕೈಯಲ್ಲಿ ಅದಲು ಬದಲಾಗುವುದಿಲ್ಲ.

ಸಂಡೂರಿನಲ್ಲಿ ಬೇರೆ ಫ್ರೀವೀಲು ಸಿಗಲಿಲ್ಲ. ಅದರಲ್ಲೇ ಹೊರಟೆ. ಬೆಳಿಗ್ಗೆ ಸಣ್ಣ ಮಳೆ ಬಂದು ಹರಳೆಲ್ಲ ತೊಯ್ದಿತ್ತು. ನಾಲ್ಕನೆಯ ತಿರುವಿಗೇ ತೊಡೆ ನಡುಗಿತು. ಮೂರನೆಯದರ ಹತ್ತಿರ ಆ ಆಡಿನ ದೊಡ್ಡಿಯನ್ನು ಎಂದಿನಂತೆ ದಾಟಿದ್ದೆ. ನೀನು ಬರೆದ ಗುರುತುಗಳಲ್ಲಿ ನಿಜವಾದದ್ದು ಅದೊಂದೇ. ಅದರಿಂದ ಮುಂದೆ ನೀನು ಬರೆದದ್ದು ಯಾವುದೂ ಇಲ್ಲ. ಹಾಗಾದರೆ ಕೊಟ್ರಯ್ಯ ಅಲ್ಲಿಯ ತನಕ ಬಂದಿದ್ದಾನೆ ಅಂತ ಅವತ್ತು ತುಳಿಯುತ್ತ ತುಳಿಯುತ್ತ ಅರ್ಥವಾಯಿತು.

ಕಡೆಯ ಏರನ್ನು ನೇರ ಹತ್ತಲು ಆಗಲಿಲ್ಲ. ಹಾದಿಯ ಈ ಅಂಚಿನಿಂದ ಆ ಅಂಚಿಗೆ ಅಡ್ಡಡ್ಡ ತುಳಿದೆ. ಒಂದು ಕಡೆ ಬಂಡೆ, ಇನ್ನೊಂದು ಕಡೆ ಕಣಿವೆ. ಎರಡು ಸಲ ಗಾಲಿ ಕಣಿವೆಯ ಅಂಚಿನ ಮಣ್ಣು ಉದುರಿಸಿತು. ಹದಿನೆಂಟರಲ್ಲಿ ಒಮ್ಮೆಯೂ ಆಗದಿದ್ದದ್ದು ಹದಿನಾರರಲ್ಲಿ ಆಯಿತು. ಸಿಟ್ಟು ಬಂದವನ ಕಾಲಿಗೆ ಬೇರೆ ಬಲ ಇರುತ್ತದೆ, ಅದನ್ನು ಕೊಟ್ಟವನು ನೀನೇ.

ಮೇಲೆ ದೊಡ್ಡಬಸಪ್ಪನವರು ಹಾರ ಹಾಕಿದರು. ಸುತ್ತ ನೋಡಿ, "ಅಲ್ಲೋ, ಕೊಟ್ರಯ್ಯ ಹೇಳಿದ್ದ ಬೇವು ಎಲ್ಲೈತಿ?" ಅಂದರು. "ಕಡಿದಾರ್ರಿ" ಅಂದೆ. "ಹಂಗಾರ ನೀನು ಎರಡನೇದಾವ" ಅಂದರು. "ಹೌದ್ರಿ, ಮೊದ್ಲ ಹತ್ತಿದಾವ ಅವನ" ಅಂದೆ.

ನಿನಗೆ ಎರಡು ಸಲ ಸಾಕ್ಷಿ ನಿಂತಿದ್ದೇನೆ. ಮೊದಲ ಸಲ ಗೊತ್ತಿಲ್ಲದೆ, ಈ ಸಲ ಗೊತ್ತಿದ್ದು. ಮೂರನೆಯ ಸಲ ನನ್ನನ್ನು ಯಾವುದಕ್ಕೂ ಕರೆಯಬೇಡ. ಕಾಗದವನ್ನೂ ಬರೆಯಬೇಡ.

ಗವಿಸಿದ್ದಪ್ಪ, ಕಂಪೌಂಡರ್


ಚಿತ್ತವಾಡ್ಗಿ
೨೦ ಸೆಪ್ಟೆಂಬರ್ ೧೯೩೭

ಗವಿಸಿದ್ದಪ್ಪನಿಗೆ,

ಬರೆಯಬೇಡ ಅಂದಿದ್ದೀಯ. ಬರೆಯುತ್ತಿದ್ದೇನೆ. ಇದರ ಜೊತೆ ಜುಲೈಯಲ್ಲಿ ಬರೆದು ಕಳಿಸದೆ ಇಟ್ಟ ಕಾಗದವೂ ಇದೆ, ಮೊದಲು ಅದನ್ನು ಓದು.

ತಪ್ಪಾಯಿತು. ಕಣಿವೆಯ ಅಂಚಿನ ಮಣ್ಣು ಉದುರಿದ್ದನ್ನು ಓದಿದಾಗಿನಿಂದ ಅಂಗಡಿಯಲ್ಲಿ ಒಂದು ಗಾಲಿಯನ್ನೂ ನೆಟ್ಟಗೆ ಕೂರಿಸಲು ನನ್ನ ಕೈಯಿಂದ ಆಗಿಲ್ಲ. ನೀನು ಏರುವುದು ತಪ್ಪಲಿ ಅಂದುಕೊಂಡೆನೇ ಹೊರತು ನೀನು ಬೀಳಲಿ ಅಂದುಕೊಂಡಿರಲಿಲ್ಲ. ಬೀಳಬಹುದು ಅಂತ ಯೋಚಿಸಲೂ ಇಲ್ಲ. ಅದೇ ಹೆಚ್ಚು ಕೆಟ್ಟದ್ದು.

ಈಗ ಇಲ್ಲಿಯ ಸುದ್ದಿ ಕೇಳು. ದೊಡ್ಡಬಸಪ್ಪನವರು ಊರಿಗೆ ಬಂದವರೇ ನಿನ್ನನ್ನು ಹೊಗಳಲು ಶುರು ಮಾಡಿದರು. ಹತ್ತಿದ್ದನ್ನು ಹೊಗಳಿದ್ದರೆ ಹೇಗೋ ನುಂಗಿಕೊಳ್ಳುತ್ತಿದ್ದೆ. "ಗವಿಸಿದ್ದಪ್ಪಂದು ಏನ್ ಗುಣ, ಗೆದ್ದ ಮ್ಯಾಲೂ ಗುರುವಿನ ಹೆಸರು ಮುಂದಿಟ್ಟ" ಅಂತ ಮಿಲ್ಲಿನಲ್ಲಿ, ಸಂತೆಯಲ್ಲಿ, ನನ್ನ ಅಂಗಡಿಯ ಮುಂದೆ. ಗವಿ, ನೀನು ಗುಡ್ಡ ಹತ್ತಿದ್ದು ಒಂದು ಉರಿ. ಹತ್ತಿಯೂ ದೊಡ್ಡವನಾದದ್ದು ಎರಡನೆಯ ಉರಿ. ಎರಡನ್ನೂ ಒಬ್ಬನಿಗೇ ಬಿಟ್ಟುಕೊಡಲು ನನ್ನಿಂದ ಆಗಲಿಲ್ಲ.

ಹಾಗಾಗಿ ನಿಜ ಹೇಳಿಬಿಟ್ಟೆ. ಒಳ್ಳೆಯತನದಿಂದ ಅಂದುಕೊಳ್ಳಬೇಡ, ಹೊಟ್ಟೆಕಿಚ್ಚಿನಿಂದ. ಹೋದ ಸೋಮವಾರ ಅಂಗಡಿಯ ಮುಂದೆ ಹತ್ತು ಜನ ಕೂತಿದ್ದರು, ದೊಡ್ಡಬಸಪ್ಪನವರೂ ಇದ್ದರು. "ನಾ ಆ ಗುಡ್ಡ ಹತ್ತಿಲ್ರಿ. ಆಡಿನ ದೊಡ್ಡ್ಯಾಗ ಮಲಗಿದ್ದೆ. ಮೊದ್ಲ ಹತ್ತಿದಾವ ಗವಿಸಿದ್ದಪ್ಪ" ಅಂದೆ.

ದೊಡ್ಡಬಸಪ್ಪನವರ ಕಣ್ಣಲ್ಲಿ ನೀರು ಬಂತು. ಎದ್ದು ಬಂದು ನನ್ನ ಹೆಗಲ ಮೇಲೆ ಕೈ ಇಟ್ಟು, "ನೋಡ್ರಪ್ಪ, ಗುರು ಅಂದ್ರ ಹಿಂಗಿರಬೇಕು. ಶಿಷ್ಯನ ಹೆಸರು ಬೆಳೀಲಿ ಅಂತ ತನ್ನ ಗೆಲುವನ್ನ ಬಿಟ್ಟುಕೊಡ್ತಾನ" ಅಂದರು.

ನಾನು ಆಣೆ ಇಟ್ಟೆ. "ಎಷ್ಟು ದೊಡ್ಡ ಮನಸು" ಅಂದರು. ಬೇವಿನ ಮರವೇ ಇರಲಿಲ್ಲ ಅಂದೆ. "ಕಡಿದಾರಂತ ಗವಿಸಿದ್ದಪ್ಪನ ಹೇಳ್ಯಾನಲ್ಲ" ಅಂದರು. ಕಡೆಗೆ ಹದಿನಾರು ಹಲ್ಲಿನ ಮಾತನ್ನೂ ಹೇಳಿದೆ. ನಿನ್ನನ್ನು ಸೋಲಿಸಲೆಂದೇ ಹಾಕಿದೆ ಅಂದೆ. "ಪರೀಕ್ಷೆ ಮಾಡ್ಯಾನ! ಚಿನ್ನಾನ ಬೆಂಕ್ಯಾಗ ಹಾಕಿ ನೋಡಿದಂಗ" ಅಂದರು. ಏನು ಹೇಳಿದರೂ ನಾನು ಒಂದೊಂದು ಮೆಟ್ಟಿಲು ಮೇಲೆ ಹೋದೆ. ಮರುದಿನದಿಂದ ಅಂಗಡಿಗೆ ಬಂದವರು ನನಗೆ ಕೈ ಮುಗಿದು ಪಂಕ್ಚರ್ ಹಾಕಿಸಿಕೊಳ್ಳುತ್ತಾರೆ.

ನಂಬಿದವಳು ಹಂಪಮ್ಮ ಒಬ್ಬಳೇ. "ನನಗ ಅವತ್ತ ಗೊತ್ತಿತ್ರಿ. ನಿಮ್ಮ ಧೋತ್ರದ ತುಂಬ ಆಡಿನ ಹಿಕ್ಕಿ ಇತ್ತು, ಒಗದಾಕಿ ನಾನ" ಅಂದಳು. ಮೂರು ವರ್ಷ ಬಾಯಿ ಬಿಟ್ಟಿರಲಿಲ್ಲ. ಆದರೆ ಹೆಂಡತಿಯ ಮಾತು ಊರಿಗೆ ಸಾಕ್ಷಿಯಾಗುವುದಿಲ್ಲ.

ಆದ್ದರಿಂದ ನಿನ್ನನ್ನೇ ಕರೆಯುತ್ತಿದ್ದೇನೆ. ಮೂರನೆಯ ಸಲ ಕರೆಯಬೇಡ ಅಂದದ್ದು ನೆನಪಿದೆ. ಹಿಂದಿನ ಎರಡೂ ಸುಳ್ಳಿಗೆ ನಿಂತದ್ದು, ಇದೊಂದು ನಿಜಕ್ಕೆ. ನಿನ್ನ ಮಾತನ್ನು ಮಾತ್ರ ಊರು ನಂಬುತ್ತದೆ. ಒಂದು ಭಾನುವಾರ ಬಸ್ಸು ಹತ್ತಿ ಬಾ. ಅಂಗಡಿಯ ಮುಂದೆ ನಿಂತು, ಕೊಟ್ರಯ್ಯ ಹತ್ತಿಲ್ಲ ಅಂತ ಹೇಳು. ನನ್ನ ಸಂಗಡ ಮಾತಾಡದೆ ಅದೇ ಬಸ್ಸಿಗೆ ವಾಪಸ್ಸು ಹೋದರೂ ಸರಿ.

ನೀನು ಬರುವ ತನಕ ಊರ ಕಣ್ಣಿಗೆ ನಾನೇ ನಿನಗಿಂತ ಮೇಲೆ ಇರುತ್ತೇನೆ. ನಿನ್ನ ಮೇಲೆ ಹೊಟ್ಟೆಕಿಚ್ಚು ಪಡಲೂ ಈಗ ನನಗೆ ಹಕ್ಕಿಲ್ಲದಂತಾಗಿದೆ.

ಗುರು ಅಲ್ಲದ,
ಕೊಟ್ರಯ್ಯ